ಅಲುಗುವ ಹಲಗೆಯಿಂದ ಮುಪ್ಪಿನಲ್ಲಿ ಆಯ ನಿಂತೀತೇ?

ಎರಡು ಕಾಲಿನ ಮೇಲೆ ಸುಮ್ಮನೆ ನಿಂತವರನ್ನು ಪಕ್ಕದಿಂದ ಒಂದು ನಿಮಿಷ ಗಮನಿಸಿ. ಅವರು ಸುಮ್ಮನೆ ನಿಂತಿರುವುದಿಲ್ಲ. ಪಾದದ ಕೀಲಿನ ಮೇಲೆ ಇಡೀ ಮೈ ಒಂದಿಷ್ಟು ಮುಂದಕ್ಕೆ ವಾಲುತ್ತದೆ, ಮೀನಖಂಡ ಅದನ್ನು ಎಳೆದು ಹಿಂದಕ್ಕೆ ತರುತ್ತದೆ, ಮತ್ತೆ ಬಿಡುತ್ತದೆ. ಅಂಗೈ ಮೇಲೆ ಕೋಲು ನಿಲ್ಲಿಸಿ ಆಡುವ ಹುಡುಗನ ಕೈ ಹೇಗೆ ಒಂದು ಕ್ಷಣವೂ ಒಂದೆಡೆ ಇರುವುದಿಲ್ಲವೋ ಹಾಗೆ. ಮೈಭಾರದ ನಡುಬಿಂದು ಹೊಕ್ಕುಳಿಗಿಂತ ತುಸು ಕೆಳಗೆ, ಸೊಂಟದೊಳಗೆ ಇರುತ್ತದೆ. ಅದಕ್ಕಿರುವ ಆಧಾರ ಎರಡು ಪಾದ ಮತ್ತು ಅವುಗಳ ನಡುವಿನ ಜಾಗ, ಅಷ್ಟೇ. ಹೆಜ್ಜೆ ಎತ್ತದೆ ಹಿಂದೆ ಮುಂದೆ ವಾಲಲು ಆರೋಗ್ಯವಂತರಿಗೆ ಒಟ್ಟು ಸುಮಾರು 12 ಡಿಗ್ರಿಯಷ್ಟು ಅವಕಾಶವಿದೆ. ಅದನ್ನು ಮೀರಿದರೆ ಒಂದೋ ಕಾಲು ಮುಂದಿಡಬೇಕು, ಇಲ್ಲವೇ ನೆಲ ಸೇರಬೇಕು. ‘ಆಯ ತಪ್ಪಿತು’ ಎಂದು ನಾವು ಹೇಳುವುದು ಈ ಗಡಿ ದಾಟಿದ ಗಳಿಗೆಯನ್ನೇ.

65 ದಾಟಿದವರಲ್ಲಿ ಸರಿಸುಮಾರು ಮೂವರಲ್ಲಿ ಒಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದವರನ್ನು ಕಾಣದ ಮನೆತನವಿಲ್ಲ, ಹಾಗಾಗಿ ಹೆದರಿಕೆ ಸಹಜ. ಆ ಹೆದರಿಕೆಯ ಮೇಲೆಯೇ ಈಗ ವೈಬ್ರೇಷನ್ ಪ್ಲೇಟುಗಳು ಮಾರಾಟವಾಗುತ್ತಿವೆ. ತೂಕದ ಯಂತ್ರವನ್ನು ದೊಡ್ಡದು ಮಾಡಿದಂಥ ಹಲಗೆ, ಕೆಳಗೊಂದು ಮೋಟಾರು, ಕೈಗೆ ರಿಮೋಟು. ‘ದಿನಕ್ಕೆ ಹತ್ತು ನಿಮಿಷ ನಿಂತರೆ ಸಾಕು’ ಎನ್ನುತ್ತದೆ ಜಾಹೀರಾತು. ಇದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಎಷ್ಟು ನಿಜ ಎಂದು ತಿಳಿಯಬೇಕಾದರೆ ಮೊದಲು ಮೈ ತನ್ನ ಆಯವನ್ನು ಹೇಗೆ ಕಾಯ್ದುಕೊಳ್ಳುತ್ತದೆ ಎಂದು ನೋಡಬೇಕು.

ಮಿದುಳಿಗೆ ಸುದ್ದಿ ತರುವ ಮೂವರು

ಕಣ್ಣು ಸುತ್ತಲಿನ ಗೋಡೆ, ಬಾಗಿಲು ಎಷ್ಟು ವಾಲಿದಂತೆ ಕಾಣುತ್ತಿದೆ ಎಂದು ಹೇಳುತ್ತದೆ. ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧಚಂದ್ರ ಕೊಳವೆಗಳು ತಲೆ ತಿರುಗಿದ್ದನ್ನು ಹೇಳುತ್ತವೆ. ಅವುಗಳ ಬುಡದಲ್ಲಿರುವ ಎರಡು ಪುಟ್ಟ ಚೀಲಗಳು, ಸುಣ್ಣದ ಹರಳುಗಳ ನೆರವಿನಿಂದ, ತಲೆ ವಾಲಿದ್ದನ್ನೂ ನೇರ ಚಲನೆಯನ್ನೂ ಹೇಳುತ್ತವೆ. ಮೂರನೆಯದು ಪಾದ ಮತ್ತು ಕಾಲು. ಅಂಗಾಲಿನ ಚರ್ಮದಲ್ಲಿರುವ ಸೂಕ್ಷ್ಮ ಗ್ರಾಹಕಗಳು ಭಾರ ಹಿಮ್ಮಡಿಯ ಮೇಲಿದೆಯೋ ಬೆರಳ ಬುಡದಲ್ಲಿದೆಯೋ ಎಂದು ತಿಳಿಸುತ್ತವೆ. ಸ್ನಾಯುಗಳ ಒಳಗೆ ಕದಿರಿನ ಆಕಾರದ ಪುಟ್ಟ ತಂತುಗಳಿವೆ. ಸ್ನಾಯು ಎಷ್ಟು ಹಿಗ್ಗಿತು, ಎಷ್ಟು ವೇಗವಾಗಿ ಹಿಗ್ಗಿತು ಎಂದು ಅವು ವರದಿ ಮಾಡುತ್ತವೆ. ವೈಬ್ರೇಷನ್ ಚಿಕಿತ್ಸೆಯ ಕಥೆಯೆಲ್ಲ ಈ ಸ್ನಾಯುಕದಿರುಗಳ ಸುತ್ತ ಸುತ್ತುತ್ತದೆ.

ಒಬ್ಬ ಸುದ್ದಿಗಾರ ಮಂಕಾದರೆ ಉಳಿದಿಬ್ಬರು ತೂಗಿಸಿಕೊಂಡು ಹೋಗುತ್ತಾರೆ. ಅದಕ್ಕೇ ನಷ್ಟ ಬಹಳ ಕಾಲ ಗೊತ್ತೇ ಆಗುವುದಿಲ್ಲ. ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ಜೋಲಿ ಹೊಡೆದಂತಾಗಿ ಗೋಡೆ ಹಿಡಿಯುವವರಿದ್ದಾರೆ. ಅವರ ಅಂಗಾಲು ಆಗಲೇ ಸುದ್ದಿ ಕಳಿಸುವುದನ್ನು ಕಡಿಮೆ ಮಾಡಿದೆ, ಇಷ್ಟು ದಿನ ಕಣ್ಣಿನ ಆಸರೆಯಲ್ಲಿ ನಡೆಯುತ್ತಿದ್ದರು ಎಂದೇ ಅನುಮಾನಿಸಬೇಕು. ನರರೋಗ ತಜ್ಞರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಸಕ್ಕರೆ ಕಾಯಿಲೆ ಇದಕ್ಕೆ ದೊಡ್ಡ ಕಾರಣ. ಬಿ12 ಕೊರತೆ ಇನ್ನೊಂದು. ಹಾಲು ಮೊಸರೂ ಕಡಿಮೆ ತಿನ್ನುವ ಸಸ್ಯಾಹಾರಿಗಳಲ್ಲಿ, ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಇದು ಹೆಚ್ಚು. ಇದನ್ನು ಪತ್ತೆ ಹಚ್ಚುವ ಸಾಧನವೂ ಕಂಪನದ್ದೇ, ಅದೊಂದು ಸ್ವಾರಸ್ಯ. ವೈದ್ಯರು 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕನ್ನು, ಅಂದರೆ ಸೆಕೆಂಡಿಗೆ 128 ಬಾರಿ ನಡುಗುವ ಕವಲುಕಡ್ಡಿಯನ್ನು, ಮೀಟಿ ಕಾಲಿನ ಹೆಬ್ಬೆರಳ ಮೂಳೆಗೆ ಒತ್ತಿ ಹಿಡಿಯುತ್ತಾರೆ. ಅದರ ‘ಜುಂ’ ಎನ್ನುವ ನಡುಕ ಗೊತ್ತಾಗದಿದ್ದರೆ ನರ ಸೋತಿದೆ ಎಂದರ್ಥ.

ಸುದ್ದಿ ಬಂದ ಮೇಲೆ ಕೆಲಸ ಮಾಡಬೇಕಾದದ್ದು ಸ್ನಾಯು. ವಯಸ್ಸಾದಂತೆ ಸ್ನಾಯು ಸಣ್ಣದಾಗುತ್ತದೆ ಎಂಬುದು ಗೊತ್ತಿರುವ ಮಾತು. ಅದಕ್ಕಿಂತ ಕೆಟ್ಟದ್ದೆಂದರೆ ಚುರುಕಾದ ಎಳೆಗಳೇ ಮೊದಲು ನಶಿಸುತ್ತವೆ. ಹಾಗಾಗಿ ಬಲಕ್ಕಿಂತ ವೇಗ ಬೇಗ ಕುಗ್ಗುತ್ತದೆ. ಎಡವಿದವರಿಗೆ ಬೇಕಾದದ್ದು ಭಾರ ಎತ್ತುವ ಬಲವಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಕಾಲನ್ನು ಮುಂದೆ ಊರುವ ಚುರುಕು.

ಹಲಗೆ ಅಲುಗಿದಾಗ ಕಾಲಿನೊಳಗೆ ಏನಾಗುತ್ತದೆ

ಸ್ನಾಯುವಿಗೋ ಅದನ್ನು ಮೂಳೆಗೆ ಬಿಗಿಯುವ ನಾರಿಗೋ ನೇರವಾಗಿ ಕಂಪನ ಕೊಟ್ಟರೆ ಸ್ನಾಯುಕದಿರುಗಳು ‘ಹಿಗ್ಗಿತು, ಹಿಗ್ಗಿತು’ ಎಂದು ಪ್ರತಿ ಅಲೆಗೂ ಕೂಗುತ್ತವೆ. ಬೆನ್ನುಹುರಿ ಆ ಕೂಗನ್ನು ನಂಬಿ ಸ್ನಾಯುವನ್ನು ತಾನಾಗಿಯೇ ಬಿಗಿಯುತ್ತದೆ. ಸ್ವೀಡನ್ನಿನ ಎಕ್ಲುಂಡ್ ಮತ್ತು ಹಾಗ್‌ಬಾರ್ತ್ 1966ರಲ್ಲಿ ವಿವರಿಸಿದ ಪ್ರತಿಕ್ರಿಯೆ ಇದು. ಹಲಗೆಯ ಮೇಲೆ ನಿಂತಾಗ ಇದೇ ನಡೆಯುತ್ತದೆ ಎಂದು ಕಂಪನಿಗಳು ಹೇಳುತ್ತವೆ. ಸ್ವಲ್ಪ ಮಟ್ಟಿಗೆ ನಡೆಯುತ್ತದೆ ಕೂಡ. 25 ಹರ್ಟ್ಸ್ ಎಂದರೆ ಸೆಕೆಂಡಿಗೆ 25 ಬಾರಿ, ನಿಮಿಷಕ್ಕೆ 1500 ಬಾರಿ ಪಾದ ಮೇಲೆ ಕೆಳಗೆ ಹೋಗುತ್ತದೆ. ಆ ನಡುಕ ತಲೆಗೆ ಏರದಂತೆ ತಡೆಯಲು ಮೀನಖಂಡ, ತೊಡೆ ಬಿಗಿಯಾಗುತ್ತವೆ. ಅಂದರೆ ಸ್ನಾಯುವಿಗೆ ನಿಜವಾಗಿಯೂ ಕೆಲಸ ಬೀಳುತ್ತದೆ, ರಕ್ತ ಸಂಚಾರ ಹೆಚ್ಚುತ್ತದೆ. ಕೆಲವರಿಗೆ ಕಾಲು ಕೆಂಪಾಗಿ ತುರಿಸುವುದೂ ಉಂಟು.

ಆದರೆ ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಹಲಗೆಯ ಅಲುಗಾಟ ಗಡಿಯಾರದಂತೆ ನಿಯತ. ಮುಂದಿನ ಅಲೆ ಯಾವಾಗ ಬರುತ್ತದೆ ಎಂದು ಮಿದುಳು ಊಹಿಸಬೇಕಿಲ್ಲ, ಭಾರ ಎಲ್ಲಿ ಜಾರಿತು ಎಂದು ಹುಡುಕಬೇಕಿಲ್ಲ, ಹೆಜ್ಜೆ ಎಲ್ಲಿಡಲಿ ಎಂದು ತೀರ್ಮಾನಿಸಬೇಕಿಲ್ಲ. ಬೀಳುವ ಗಳಿಗೆಯಲ್ಲಿ ಬೇಕಾದ ಕೌಶಲ ಇವೇ ಮೂರು. ಸ್ನಾಯುವಿಗೆ ಕೆಲಸ ಕೊಡುವುದು ಬೇರೆ, ಆಯ ಕಲಿಸುವುದು ಬೇರೆ. ಯಂತ್ರ ಮೊದಲನೆಯದನ್ನು ಮಾಡಬಲ್ಲದು. ಎರಡನೆಯದಕ್ಕೆ ಮನುಷ್ಯ ತಾನೇ ಓಲಾಡಿ ತಾನೇ ಸಾವರಿಸಿಕೊಳ್ಳಬೇಕು.

ಕಂಪನದಿಂದ ಗುಣಪಡಿಸುವ ಆಸೆ ಹಳೆಯದು. ಪ್ಯಾರಿಸ್ಸಿನ ನರರೋಗ ತಜ್ಞ ಶಾರ್ಕೋ, ರೈಲು ಅಥವಾ ಕುದುರೆಗಾಡಿಯ ದೂರ ಪ್ರಯಾಣದ ನಂತರ ಪಾರ್ಕಿನ್ಸನ್ ರೋಗಿಗಳು ಹಗುರಾದೆವು ಎನ್ನುವುದನ್ನು ಕೇಳಿ, 1892ರ ಹೊತ್ತಿಗೆ ಅಲುಗುವ ಕುರ್ಚಿಯನ್ನೇ ಮಾಡಿಸಿದ್ದ. ಅತ್ತ ಕಾರ್ಖಾನೆ ವೈದ್ಯರ ಲೋಕದಲ್ಲಿ ಇದೇ ಕಂಪನಕ್ಕೆ ಅಪಾಯವೆಂದು ಹೆಸರು. ಟ್ರ್ಯಾಕ್ಟರ್, ಲಾರಿ, ಬಸ್ ಚಾಲಕರ ಸೊಂಟನೋವಿಗೆ ಸೀಟಿನ ನಡುಕವೂ ಕಾರಣ. ಯುರೋಪ್ ಒಕ್ಕೂಟ 2002ರ ನಿಯಮದಲ್ಲಿ ಎಂಟು ಗಂಟೆಯ ಕೆಲಸದಲ್ಲಿ ಮೈಗೆ ತಾಗುವ ನಡುಕದ ಬಿರುಸಿಗೆ ಸರಾಸರಿ 1.15 ಮೀಟರ್ ಪ್ರತಿ ಸೆಕೆಂಡ್ ವರ್ಗ ಎಂಬ ಮಿತಿ ಹಾಕಿದೆ. ಹಾಗಾದರೆ ಅಮೃತವೋ ವಿಷವೋ? ಎಲ್ಲ ಔಷಧದ ಹಾಗೆ ಇದರ ಉತ್ತರವೂ ಪ್ರಮಾಣದಲ್ಲಿದೆ. ಪ್ರಮಾಣವನ್ನು ಲೆಕ್ಕ ಹಾಕುವುದು ಕಷ್ಟವೇನಲ್ಲ.

ಮೂರು ಅಂಕಿ ಗೊತ್ತಿಲ್ಲದೆ ಯಂತ್ರ ಹತ್ತಬೇಡಿ

ಬೇಕಾದ ಅಂಕಿಗಳು ಮೂರು. ಸೆಕೆಂಡಿಗೆ ಎಷ್ಟು ಬಾರಿ ಅಲುಗುತ್ತದೆ ಎಂಬ ಹರ್ಟ್ಸ್, ನಡುಮಟ್ಟದಿಂದ ಎಷ್ಟು ಮಿಲಿಮೀಟರ್ ಮೇಲೇರುತ್ತದೆ ಎಂಬ ವಿಸ್ತಾರ, ಇವೆರಡೂ ಸೇರಿ ಹುಟ್ಟುವ ಹೊಡೆತದ ಬಲ. ಬಲವನ್ನು ಭೂಮಿಯ ಗುರುತ್ವಕ್ಕೆ ಹೋಲಿಸಿ ‘ಜಿ’ ಎಂದು ಅಳೆಯುತ್ತಾರೆ. ಬಲವು ವಿಸ್ತಾರದ ಜತೆ ನೇರವಾಗಿ ಏರುತ್ತದೆ. ಹರ್ಟ್ಸ್ ಜತೆ ಮಾತ್ರ ವರ್ಗದಂತೆ ಏರುತ್ತದೆ, ಅಂದರೆ ವೇಗ ಎರಡರಷ್ಟಾದರೆ ಹೊಡೆತ ನಾಲ್ಕರಷ್ಟು. 2 ಮಿಲಿಮೀಟರ್ ವಿಸ್ತಾರದಲ್ಲಿ 12 ಹರ್ಟ್ಸ್ ಇಟ್ಟರೆ ಸುಮಾರು 1.2 ಜಿ. ಅದೇ ವಿಸ್ತಾರದಲ್ಲಿ ಗುಂಡಿ ಒತ್ತಿ 30 ಹರ್ಟ್ಸ್‌ಗೆ ಏರಿಸಿದರೆ 7.2 ಜಿ. ನಿಂತವರಿಗೆ ‘ಸ್ವಲ್ಪ ಜಾಸ್ತಿ ಆಯಿತು’ ಅನ್ನಿಸುತ್ತದೆ, ಮಂಡಿಗೆ ಆರುಪಟ್ಟು ಪೆಟ್ಟು. 30 ಹರ್ಟ್ಸ್‌ನ ಆ ಹಲಗೆಯ ಮೇಲೆ ಹತ್ತೇ ನಿಮಿಷ ನಿಂತರೂ, ಕೆಲಸಗಾರರಿಗೆ ಬಳಸುವ ಲೆಕ್ಕದ ಪ್ರಕಾರ, ಮೇಲೆ ಹೇಳಿದ ಇಡೀ ದಿನದ ಮಿತಿಯ ಎರಡೂವರೆ ಪಟ್ಟಿನಷ್ಟಾಗುತ್ತದೆ.

ಇನ್ನೊಂದು ತೆರನ ಯಂತ್ರ 30ರಿಂದ 40 ಹರ್ಟ್ಸ್‌ನಲ್ಲಿ ಕೇವಲ 0.3 ಜಿ ಕೊಡುತ್ತದೆ. ಅಲ್ಲಿ ಹಲಗೆ ಅಲುಗುವುದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ನಿಂತವರಿಗೆ ಸಣ್ಣ ಗುಂಯ್‌ಗುಡುವಿಕೆ ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ. ಸಂಶೋಧನೆಯ ಸುದ್ದಿ ಓದುವಾಗ ಯಾವ ತೆರನ ಯಂತ್ರದ ಮಾತು ಎಂದು ನೋಡಲೇಬೇಕು. ಮೃದು ಯಂತ್ರದ ಫಲಿತಾಂಶವನ್ನು ತೋರಿಸಿ ಒರಟು ಯಂತ್ರವನ್ನು ಮಾರುವುದು ಮಾರಾಟಗಾರರ ಮಾಮೂಲಿ ಜಾಣತನ.

ಅಲುಗುವ ಬಗೆಯಲ್ಲೂ ಎರಡು ಜಾತಿ. ಒಂದರಲ್ಲಿ ಇಡೀ ಹಲಗೆ ಮೇಲೆ ಕೆಳಗೆ ಹೋಗುತ್ತದೆ. ಇನ್ನೊಂದು ಏತದಂತೆ, ಎಡ ಏರಿದಾಗ ಬಲ ಇಳಿಯುತ್ತದೆ. ಸೊಂಟ ಎರಡೂ ಕಡೆ ತೂಗಿಕೊಳ್ಳುವುದರಿಂದ ಏತದ ಬಗೆಯಲ್ಲಿ ತಲೆಗೆ ಏರುವ ನಡುಕ ಕಡಿಮೆ. ವಯಸ್ಸಾದವರಿಗೆ ಸಾಮಾನ್ಯವಾಗಿ ಇದೇ ಲೇಸು. ಇದರಲ್ಲಿ ಕಾಲು ಅಗಲಿಸಿದಷ್ಟೂ ವಿಸ್ತಾರ ಹೆಚ್ಚುತ್ತದೆ, ಆದ್ದರಿಂದ ಹೊಸಬರು ಪಾದಗಳನ್ನು ನಡುಗೆರೆಯ ಹತ್ತಿರ ಇಟ್ಟು ನಿಲ್ಲಬೇಕು.

ಅಗ್ಗದ ಯಂತ್ರಗಳ ದೊಡ್ಡ ದೋಷವೆಂದರೆ ರಿಮೋಟಿನಲ್ಲಿ 1ರಿಂದ 99 ‘ಲೆವೆಲ್’ ಇರುತ್ತದೆ, ಹರ್ಟ್ಸ್ ಇರುವುದಿಲ್ಲ. ಇದ್ದರೂ ಅದು ಖಾಲಿ ಹಲಗೆಯ ಲೆಕ್ಕವಾಗಿರಬಹುದು. 70 ಕಿಲೋ ಮನುಷ್ಯ ಹತ್ತಿದರೆ ಬಡ ಮೋಟಾರು ಬಳಲುತ್ತದೆ. ವಿಸ್ತಾರದ ಅಂಕಿಯಲ್ಲೂ ಗೋಜಲಿದೆ. ಕೆಲವರು ನಡುಮಟ್ಟದಿಂದ ಮೇಲಕ್ಕೆ ಅಳೆದರೆ, ಕೆಲವರು ಕೆಳತುದಿಯಿಂದ ಮೇಲ್ತುದಿಗೆ ಅಳೆದು ಎರಡರಷ್ಟು ಬರೆಯುತ್ತಾರೆ. ಕೊಳ್ಳುವ ಮುನ್ನ ಇದನ್ನು ಕೇಳಿ. ಅಂಗಡಿಯವನಿಗೆ ಉತ್ತರ ಗೊತ್ತಿಲ್ಲದಿದ್ದರೆ ಕೊಳ್ಳಬೇಡಿ.

ಪ್ರಯೋಗಗಳಲ್ಲಿ ಏನು ಸಿಕ್ಕಿತು

ಬಾಸ್ಟನ್ ಸುತ್ತಲಿನ ಹಿರಿಯರ ವಸತಿಗಳಲ್ಲಿ 174 ಜನರನ್ನು ದಿನಕ್ಕೆ ಹತ್ತು ನಿಮಿಷದಂತೆ ಎರಡು ವರ್ಷ 0.3 ಜಿ ಹಲಗೆಯ ಮೇಲೆ ನಿಲ್ಲಿಸಿದರು. ಅರ್ಧದಷ್ಟು ಜನರದ್ದು, ಹೋಲಿಕೆಗಾಗಿ, ನಿಜವಾಗಿ ಅಲುಗದ ನಕಲಿ ಹಲಗೆ. 2015ರಲ್ಲಿ ಪ್ರಕಟವಾದ ಫಲಿತಾಂಶ: ಮೂಳೆಯ ಸಾಂದ್ರತೆಗೆ ಏನೂ ಲಾಭವಾಗಲಿಲ್ಲ. ಹಾಂಗ್‌ಕಾಂಗ್‌ನಲ್ಲಿ 710 ಮಹಿಳೆಯರ ಮೇಲೆ 18 ತಿಂಗಳು ನಡೆಸಿದ ಪ್ರಯೋಗದಲ್ಲಿ, ದಿನಕ್ಕೆ 20 ನಿಮಿಷ, ವಾರಕ್ಕೆ 5 ದಿನ ನಿಂತವರಲ್ಲಿ ಬಿದ್ದವರು ಅಥವಾ ಮೂಳೆ ಮುರಿದುಕೊಂಡವರು ಶೇ 18.6, ನಿಲ್ಲದವರಲ್ಲಿ ಶೇ 28.7. ಇಲ್ಲಿಯೂ ಮೂಳೆ ಗಟ್ಟಿಯಾಗಲಿಲ್ಲ. ಬೀಳುವುದು ಕಡಿಮೆಯಾಯಿತು ಎಂಬುದು ಸಣ್ಣ ಮಾತಲ್ಲ. ಆದರೆ ಹೋಲಿಕೆಯ ಗುಂಪಿಗೆ ನಕಲಿ ಹಲಗೆ ಇರಲಿಲ್ಲ. ವಾರಕ್ಕೆ ಐದು ದಿನ ಎದ್ದು ಕೇಂದ್ರಕ್ಕೆ ನಡೆದು ಹೋಗಿ ಬರುವುದೇ ಒಂದು ವ್ಯಾಯಾಮ ಎಂಬುದನ್ನು ಮರೆಯಬಾರದು. ಜರ್ಮನಿಯ ಎರ್ಲಾಂಗೆನ್‌ನಲ್ಲಿ 151 ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ ಹಲಗೆ ಒಂದೇ ಇರಲಿಲ್ಲ. ಏರೋಬಿಕ್ಸ್, ಆಯದ ಅಭ್ಯಾಸ, ಕಾಲಿನ ಬಲವರ್ಧನೆ ಎಲ್ಲ ಇದ್ದು, ಕಾಲಿನ ವ್ಯಾಯಾಮವನ್ನು ಅಲುಗುವ ಹಲಗೆಯ ಮೇಲೆ ಮಾಡಿಸಿದ್ದರು. ಆ ಗುಂಪಿನಲ್ಲಿ ಬೀಳುವುದು ಕಡಿಮೆಯಾಯಿತು.

ವ್ಯಾಯಾಮದ ಕಡೆಗಿನ ಪುರಾವೆ ಇದಕ್ಕಿಂತ ಎಷ್ಟೋ ತೂಕದ್ದು. ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2019ರ ಪರಾಮರ್ಶೆ 108 ಪ್ರಯೋಗಗಳನ್ನು, 23 ಸಾವಿರಕ್ಕೂ ಹೆಚ್ಚು ಜನರನ್ನು ಒಟ್ಟುಗೂಡಿಸಿ ನೋಡಿತು. ವ್ಯಾಯಾಮ ಮಾಡಿದವರಲ್ಲಿ ಬೀಳುವ ಪ್ರಮಾಣ ಶೇ 23ರಷ್ಟು ಇಳಿದಿತ್ತು. ಆಯದ ಅಭ್ಯಾಸಕ್ಕೆ ಬಲವರ್ಧನೆಯನ್ನೂ ಸೇರಿಸಿದವರಲ್ಲಿ ಇಳಿಕೆ ಶೇ 34.

ಹಾಗಾದರೆ ಹಲಗೆ ಯಾರಿಗೆ? ಕುರ್ಚಿಯಿಂದ ಏಳಲೂ ಕಷ್ಟಪಡುವ, ವ್ಯಾಯಾಮ ಮಾಡಿಸಲು ಹೋದರೆ ಎರಡೇ ನಿಮಿಷಕ್ಕೆ ಸುಸ್ತಾಗುವ ಹಿರಿಯರಿಗೆ ಆರಂಭದ ಮೆಟ್ಟಿಲಾಗಿ ಇದು ಉಪಯೋಗಕ್ಕೆ ಬರಬಹುದು, ಅದೂ ಫಿಸಿಯೋಥೆರಪಿಸ್ಟ್ ಎದುರಿಗೆ ನಿಂತಿರುವಾಗ. ದಿನಾ ಮೆಟ್ಟಿಲು ಹತ್ತಿ ಇಳಿದು ಮಾಡುವವರು ಇದಕ್ಕೆ ಹಣ ಸುರಿಯಬೇಕಿಲ್ಲ.

ಬಳಸುವುದಾದರೆ ಹೀಗೆ. ಏತದ ಬಗೆಯ ಹಲಗೆ, ಎದೆಮಟ್ಟದ ಹಿಡಿಕೆ ಇರಬೇಕು. ಮೊದಲೆರಡು ವಾರ 12ರಿಂದ 15 ಹರ್ಟ್ಸ್, ಒಂದರಿಂದ ಎರಡು ಮಿಲಿಮೀಟರ್, 30 ಸೆಕೆಂಡ್ ನಿಂತು ಒಂದು ನಿಮಿಷ ಕೂರುವುದು, ಹೀಗೆ ಐದು ಸುತ್ತು, ವಾರಕ್ಕೆ ಮೂರು ದಿನ. ಆಮೇಲೆ 60 ಸೆಕೆಂಡ್, 20 ಹರ್ಟ್ಸ್‌ವರೆಗೆ ನಿಧಾನವಾಗಿ. ಮಂಡಿ ಸುಮಾರು 30 ಡಿಗ್ರಿ ಬಾಗಿರಬೇಕು, ಭಾರ ಪಾದದ ಮುಂಭಾಗಕ್ಕೆ ಬಂದಿರಬೇಕು. ಎಲ್ಲರೂ ಮಾಡುವ ತಪ್ಪು ಇಲ್ಲೇ. ಸುಸ್ತಾದಾಗ ಮಂಡಿಯನ್ನು ನೆಟ್ಟಗೆ ಮಾಡಿ ಹಿಮ್ಮಡಿಯ ಮೇಲೆ ನಿಂತುಬಿಡುತ್ತಾರೆ, ಆಗ ನಡುಕ ಸೀದಾ ಬೆನ್ನೇರಿ ತಲೆಗೆ ಹೋಗುತ್ತದೆ. ಪರೀಕ್ಷೆ ಸುಲಭ. ನಿಂತವರಿಂದ ನಾಲ್ಕು ಮಾತಾಡಿಸಿ. ದನಿ ನಡುಗಿದರೆ, ಹಲ್ಲು ಕಟಕಟ ಎಂದರೆ, ಎದುರಿನ ಕ್ಯಾಲೆಂಡರಿನ ಅಕ್ಷರ ಮಸುಕಾದರೆ ಮಂಡಿ ಇನ್ನೂ ಬಾಗಬೇಕು, ಇಲ್ಲವೇ ಹರ್ಟ್ಸ್ ಇಳಿಯಬೇಕು. ದಪ್ಪ ರಬ್ಬರಿನ ಶೂ ಕಂಪನವನ್ನು ನುಂಗುತ್ತದೆ, ಬರೀ ಕಾಲಿಗಿಂತ ತೆಳು ಅಡಿಯ, ಜಾರದ ಶೂ ಒಳ್ಳೆಯದು. ಮುಗಿದ ಕೂಡಲೇ ಇಳಿಯಬಾರದು. ಹಿಡಿಕೆ ಹಿಡಿದು ಅರ್ಧ ನಿಮಿಷ ನಿಂತು, ಆಮೇಲೆ ಇಳಿದು ಕೂರಬೇಕು.

ಈ ಕೆಳಗಿನವರು ಹಲಗೆಯ ತಂಟೆಗೇ ಹೋಗಬಾರದು: ಇತ್ತೀಚೆಗೆ ಮೂಳೆ ಮುರಿದವರು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಇರುವವರು, ಹೊಸದಾಗಿ ಮಂಡಿ ಅಥವಾ ಸೊಂಟದ ಕೀಲು ಬದಲಿಸಿಕೊಂಡವರು, ಪೇಸ್‌ಮೇಕರ್ ಇರುವವರು, ಮೂತ್ರಪಿಂಡ ಅಥವಾ ಪಿತ್ತಕೋಶದಲ್ಲಿ ಕಲ್ಲಿರುವವರು, ಅಪಸ್ಮಾರ ಇರುವವರು, ಕಾಲಿನಲ್ಲಿ ಮಾಯದ ಹುಣ್ಣಿರುವ ಸಕ್ಕರೆ ಕಾಯಿಲೆಯವರು. ಕಣ್ಣಿನ ಮಾತು ಬೇರೆಯಾಗಿಯೇ ಹೇಳಬೇಕು. ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಇಟ್ಟ ಲೆನ್ಸ್ ಹಲಗೆಯ ಬಳಕೆಯ ನಂತರ ಜಾರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ನಮ್ಮಲ್ಲಿ 70 ದಾಟಿದವರಲ್ಲಿ ಪೊರೆ ತೆಗೆಸಿದವರು ಬಹಳ ಜನ, ಹಾಗಾಗಿ ಕಣ್ಣಿನ ವೈದ್ಯರನ್ನು ಕೇಳದೆ ಹತ್ತಬೇಡಿ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಲೋಕವೇ ಗಿರ್ರನೆ ತಿರುಗುವ ತಲೆಸುತ್ತು ಇರುವವರ ಒಳಗಿವಿಯ ಹರಳುಗಳು ಆಗಲೇ ಜಾಗ ತಪ್ಪಿರುತ್ತವೆ. ಅವರಿಗೆ ಬೇಕಾದದ್ದು ಹರಳನ್ನು ಸ್ವಸ್ಥಾನಕ್ಕೆ ತರುವ ತಲೆ ತಿರುಗಿಸುವ ಚಿಕಿತ್ಸೆ, ಇನ್ನಷ್ಟು ಅಲುಗಾಟವಲ್ಲ.

ಕಂಪನದ ಇನ್ನೊಂದು ಪ್ರಯೋಗ ಮಾತ್ರ ಕುತೂಹಲಕರ. ಬಾಸ್ಟನ್‌ನ ಸಂಶೋಧಕರು 2003ರಲ್ಲಿ ಜೆಲ್‌ನಿಂದ ಮಾಡಿದ ಪಾದದ ಅಡಿಹಾಸಿನಲ್ಲಿ ಪುಟ್ಟ ಕಂಪಕಗಳನ್ನು ಹುದುಗಿಸಿ, ನಿಂತವರಿಗೆ ಗೊತ್ತೇ ಆಗದಷ್ಟು ಸಣ್ಣ, ಅಡ್ಡಾದಿಡ್ಡಿ ಕಂಪನ ಕೊಟ್ಟರು. ಹಿರಿಯರ ಓಲಾಟ ಕಡಿಮೆಯಾಯಿತು. ಮಂದವಾದ ನರಕ್ಕೆ ಅಂಗಾಲಿನ ಸಣ್ಣ ಸುದ್ದಿ ಹೊಸಿಲು ದಾಟಲು ಆಗದೆ ನಿಂತಿರುತ್ತದೆ. ಹಿನ್ನೆಲೆಯ ಸಣ್ಣ ಗದ್ದಲ ಅದನ್ನು ತುಸು ಎತ್ತಿ ದಾಟಿಸುತ್ತದೆ. ಇದು ಸ್ನಾಯುವನ್ನು ಒದರುವ ದಾರಿಯಲ್ಲ, ಕಿವುಡಾದ ಪಾದಕ್ಕೆ ಕೇಳಿಸುವ ದಾರಿ. ಆದರೆ ಇದು ಅಡಿಹಾಸು ಇರುವಷ್ಟು ಹೊತ್ತಿನ ಮಾತು.

ಮನೆಯ ಮೂಲೆಯಲ್ಲೇ ಮಾಡುವ ಅಭ್ಯಾಸ

ಶುರುವಿಗೆ ಮುನ್ನ ಅಳತೆ ಬೇಕು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ. ಕೈಯನ್ನು ಎದೆಯ ಮೇಲೆ ಅಡ್ಡ ಕಟ್ಟಿ 30 ಸೆಕೆಂಡಿನಲ್ಲಿ ಎಷ್ಟು ಬಾರಿ ಪೂರ್ತಿ ಎದ್ದು ಕೂರಲಾಗುತ್ತದೆ ಎಣಿಸಿ. 70ರಿಂದ 74ರ ವಯಸ್ಸಿನಲ್ಲಿ ಹೆಂಗಸರಿಗೆ 10, ಗಂಡಸರಿಗೆ 12ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಸಾಲದು. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ಒಂದೇ ಗೆರೆಯಲ್ಲಿ 10 ಸೆಕೆಂಡ್ ನಿಲ್ಲಲಾಗದಿದ್ದರೂ ಅದೇ ಎಚ್ಚರಿಕೆ. ಈ ಅಳತೆಗಳನ್ನು ಬರೆದಿಡಿ, ಎರಡು ತಿಂಗಳಿಗೊಮ್ಮೆ ಮತ್ತೆ ನೋಡಿ.

ಜಾಗ ಮುಖ್ಯ. ಕೋಣೆಯ ಮೂಲೆಗೆ ಬೆನ್ನು ಮಾಡಿ, ಎದುರಿಗೆ ಭಾರವಾದ ಮರದ ಕುರ್ಚಿಯ ಬೆನ್ನು ಬರುವಂತೆ ಇಟ್ಟುಕೊಂಡರೆ ಯಾವ ಕಡೆ ವಾಲಿದರೂ ಆಸರೆ ಸಿಗುತ್ತದೆ. ಅಡುಗೆಮನೆಯ ಕಟ್ಟೆಯೂ ಆದೀತು. ಪ್ಲಾಸ್ಟಿಕ್ ಕುರ್ಚಿ ಬೇಡ. ಟೈಲ್ಸ್ ಮೇಲೆ ಸಾಕ್ಸ್ ಹಾಕಿ ಮಾಡಬೇಡಿ, ಹವಾಯಿ ಚಪ್ಪಲಿ ಹಾಕಿಯಂತೂ ಬೇಡವೇ ಬೇಡ.

ಬಲಕ್ಕೆ ಮೊದಲು ಕುರ್ಚಿ. ಎರಡು ಸೆಕೆಂಡಿನಲ್ಲಿ ಚುರುಕಾಗಿ ಏಳುವುದು, ಮೂರು ಎಣಿಸುತ್ತ ನಿಧಾನ ಕೂರುವುದು, ಹತ್ತು ಬಾರಿ, ಎರಡು ಸುತ್ತು. ಧೊಪ್ಪನೆ ಕೂತರೆ ಅರ್ಧ ಫಲ ಹೋಯಿತು. ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಹತ್ತು, ಬೆರಳು ಎತ್ತಿ ಹಿಮ್ಮಡಿ ಮೇಲೆ ನಿಲ್ಲುವುದು ಹತ್ತು. ಕಾಲನ್ನು ಪಕ್ಕಕ್ಕೆ ಎತ್ತುವುದು ಎರಡೂ ಕಡೆ ಹತ್ತತ್ತು. ಮೈ ಪಕ್ಕಕ್ಕೆ ವಾಲದಂತೆ ಹಿಡಿಯುವ ಸೊಂಟದ ಸ್ನಾಯು ಇದರಿಂದಲೇ ಬಲಿಯುತ್ತದೆ. ಸುಲಭವೆನಿಸಿದಾಗ ಉದ್ದನೆಯ ಬಟ್ಟೆ ಚೀಲದಲ್ಲಿ ಅರ್ಧ ಕಿಲೋ ರಾಗಿ ತುಂಬಿ ಕಾಲಿಗೆ ಕಟ್ಟಿ, ಮುಂದೆ ಒಂದು ಕಿಲೋ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಹೆಸರಾಂತ ಮನೆವ್ಯಾಯಾಮ ಕ್ರಮದಲ್ಲೂ ಕಾಲಿಗೆ ಕಟ್ಟುವ ಭಾರ, ಆಯದ ಅಭ್ಯಾಸ, ನಡಿಗೆ ಇವೇ ಇವೆ.

ಆಯದ ಅಭ್ಯಾಸಕ್ಕೆ ಪಾದ ಜೋಡಿಸಿ ನಿಲ್ಲುವುದು, ಒಂದನ್ನು ಅರ್ಧ ಮುಂದಿಡುವುದು, ಒಂದೇ ಗೆರೆಯಲ್ಲಿ ನಿಲ್ಲುವುದು, ಒಂಟಿಕಾಲು, ಹೀಗೆ ಕ್ರಮವಾಗಿ ಏರಬೇಕು. ಪ್ರತಿ ಹಂತದಲ್ಲೂ ಮೊದಲು ಎರಡು ಅಂಗೈ ಊರಿ, ಆಮೇಲೆ ಒಂದು ಅಂಗೈ, ಆಮೇಲೆ ಒಂದು ಬೆರಳು, ಕೊನೆಗೆ ಕೈ ಬಿಟ್ಟು. ಬಿಟ್ಟ ಕೈ ಕಟ್ಟೆಯಿಂದ ಒಂದು ಇಂಚು ಮೇಲೆ ಸಿದ್ಧವಾಗಿರಲಿ. ಒಂದು ಹಂತದಲ್ಲಿ 10 ಸೆಕೆಂಡ್ ಮೂರು ಬಾರಿ ಅಲುಗದೆ ನಿಂತರೆ ಆ ಹಂತ ಮುಗಿಯಿತು, ಅಲ್ಲೇ ಉಳಿದರೆ ಕಲಿಯುವುದಕ್ಕೆ ಏನೂ ಇಲ್ಲ. ಪಾದ ತುಸು ನಡುಗಬೇಕು, ಆದರೆ ಕೈ ಥಟ್ಟನೆ ಕಟ್ಟೆ ಹಿಡಿಯುವಷ್ಟು ಅಲ್ಲ. ಸರಿಯಾದ ಕಷ್ಟ ಎಂದರೆ ಅದೇ. ಗೆರೆಯಲ್ಲಿ ನಿಲ್ಲಲು ಬಂದ ಮೇಲೆ ಗೋಡೆ ಪಕ್ಕ ಗೆರೆಯಲ್ಲಿ ಹತ್ತು ಹೆಜ್ಜೆ, ಪಕ್ಕಕ್ಕೆ ಹತ್ತು, ಹಿಂದಕ್ಕೆ ಹತ್ತು. ಎರಡು ಕುರ್ಚಿ ಇಟ್ಟು ಎಂಟರ ಆಕಾರದಲ್ಲಿ ಸುತ್ತಿ ಬನ್ನಿ. ಬೀಳುವುದು ಬಹಳ ಸಲ ತಿರುಗುವಾಗಲೇ. ಮುಂದೆ, ಪಕ್ಕಕ್ಕೆ, ಹಿಂದಕ್ಕೆ ಥಟ್ಟನೆ ಒಂದು ಹೆಜ್ಜೆ ಇಟ್ಟು ವಾಪಸಾಗುವ ಆಟವನ್ನು ದಿನಾ ಆಡಬೇಕು. ಮೇಲೆ ಹೇಳಿದ ಚುರುಕು ಬರುವುದು ಇದರಿಂದ. ಕೊನೆಗೆ ನಡೆಯುತ್ತ ಹದಿಮೂರರ ಮಗ್ಗಿ ಹೇಳಿಸಿ. ಮಗ್ಗಿ ತಪ್ಪಿದರೆ ನಗಬಹುದು, ಕಾಲು ನಿಂತುಬಿಟ್ಟರೆ ಮಾತ್ರ ಗಮನಿಸಬೇಕು. ಬೀದಿಯಲ್ಲಿ ಫೋನು ಬಂದಾಗ ಆಗುವುದೂ ಇದೇ. ಕಣ್ಣು ಮುಚ್ಚಿ ಮಾಡುವುದು, ಮಡಚಿದ ಜಮಖಾನದ ಮೇಲೆ ನಿಲ್ಲುವುದು ಎರಡು ಮೂರು ತಿಂಗಳ ಮೇಲಿನ ಮಾತು, ಪಕ್ಕದಲ್ಲೊಬ್ಬರು ಇದ್ದರೆ ಮಾತ್ರ.

ವಾರಕ್ಕೆ ಒಟ್ಟು ಮೂರು ಗಂಟೆಯಷ್ಟು ಆದಾಗ ಫಲ ಹೆಚ್ಚು. ಅಂದರೆ ದಿನಕ್ಕೆ ಅರ್ಧ ಗಂಟೆ, ಆರು ದಿನ. ಬೇಕಾದರೆ ಬೆಳಿಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ. ಗೆಲುವು ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ನಿಲ್ಲಿಸಿದರೆ ಗಳಿಸಿದ್ದು ಕರಗುತ್ತದೆ. ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕುತ್ತೇವಲ್ಲ ಎನ್ನುವವರಿಗೆ ಒಂದು ಮಾತು: ನಡಿಗೆ ಹೃದಯಕ್ಕೆ ಒಳ್ಳೆಯದು, ಆದರೆ ಬೀಳುವುದನ್ನು ತಪ್ಪಿಸಲು ನಡಿಗೆಯೊಂದೇ ಸಾಲದು. ಆಗಲೇ ಒಂದೆರಡು ಬಾರಿ ಬಿದ್ದವರು ಬಿರುನಡಿಗೆಯಿಂದ ಶುರುಮಾಡಿದರೆ ಎಡವುವ ಅವಕಾಶವೇ ಹೆಚ್ಚು. ಕುರ್ಚಿಯಲ್ಲಿ ಕೂತು ಕೈಕಾಲು ಆಡಿಸುವುದರಿಂದ ಆಯಕ್ಕೆ ಸಿಗುವುದು ಅತ್ಯಲ್ಪ. ನಿಂತು ಕಲಿಯಬೇಕಾದ್ದನ್ನು ಕೂತು ಕಲಿಯಲಾಗದು.

ಇಷ್ಟೆಲ್ಲ ಮಾಡಿಯೂ ಬೀಳುತ್ತಿದ್ದರೆ ಮಾತ್ರೆಗಳ ಕಡೆ ನೋಡಿ. ನಿದ್ದೆ ಮಾತ್ರೆ, ಪ್ರಾಸ್ಟೇಟಿನ ಮಾತ್ರೆ, ಬಿಪಿ ಮಾತ್ರೆ ಪ್ರಮಾಣ ಮೀರಿದಾಗ ಎದ್ದ ಕೂಡಲೇ ಕಣ್ಣು ಕತ್ತಲಿಡುತ್ತದೆ. ಐದು ನಿಮಿಷ ಮಲಗಿಸಿ ಬಿಪಿ ನೋಡಿ, ಎದ್ದು ನಿಂತ ಒಂದನೆಯ ಮತ್ತು ಮೂರನೆಯ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ಆ ಚೀಟಿ ಹಿಡಿದು ವೈದ್ಯರಲ್ಲಿಗೆ ಹೋಗಿ, ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಓದುವ ಗಾಜು ಕೆಳಗಿರುವ ಬೈಫೋಕಲ್ ಕನ್ನಡಕ ಹಾಕಿ ಮೆಟ್ಟಿಲಿಳಿಯುವಾಗ ಮೆಟ್ಟಿಲ ಅಂಚು ಮಸುಕಾಗುತ್ತದೆ. ಹೆಚ್ಚು ಹೊರಗೆ ಓಡಾಡುವವರು ದೂರದ ನೋಟಕ್ಕೆ ಬೇರೆ ಕನ್ನಡಕ ಇಟ್ಟುಕೊಳ್ಳುವುದು ವಾಸಿ.

ಕೊನೆಯ ಪಾಠ ಬಿದ್ದ ಮೇಲೆ ಏಳುವುದು. ಬೀಳುವ ಮುನ್ನವೇ, ಚಾಪೆ ಹಾಸಿ, ಮನೆಯವರ ಎದುರು ಇದನ್ನು ಅಭ್ಯಾಸ ಮಾಡಬೇಕು. ಬಿದ್ದ ತಕ್ಷಣ ಎಳೆದು ಎಬ್ಬಿಸುವುದು ನಮ್ಮಲ್ಲಿ ಪ್ರೀತಿಯ ಲಕ್ಷಣ, ಅದನ್ನು ಬಿಡಬೇಕು. ಮೊದಲು ಒಂದು ನಿಮಿಷ ಹಾಗೇ ಮಲಗಿ ಎಲ್ಲಿ ನೋವಿದೆ ನೋಡಿಕೊಳ್ಳಿ. ಒಂದು ಕಾಲು ಗಿಡ್ಡವಾದಂತೆ ಕಂಡು ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಬಳಿ ಮೂಳೆ ಮುರಿದಿರಬಹುದು, ಏಳಲೇಬೇಡಿ, 108ಕ್ಕೆ ಕರೆ ಮಾಡಿಸಿ. ಹಾಗಿಲ್ಲದಿದ್ದರೆ ಮಗ್ಗುಲಿಗೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬಂದು, ಹತ್ತಿರದ ಗಟ್ಟಿ ಕುರ್ಚಿ ಅಥವಾ ಮಂಚದತ್ತ ತೆವಳಿ. ಎರಡೂ ಕೈಯನ್ನು ಅದರ ಮೇಲೆ ಊರಿ, ಬಲವಿರುವ ಕಾಲಿನ ಪಾದವನ್ನು ಮುಂದೆ ನೆಲಕ್ಕಿಟ್ಟು, ಕೈಕಾಲು ಒಟ್ಟಿಗೆ ಒತ್ತಿ ಮೇಲೇಳಿ, ಮೆಲ್ಲನೆ ತಿರುಗಿ ಕೂರಿ. ಐದು ನಿಮಿಷ ಕೂತ ಮೇಲೆಯೇ ನಿಲ್ಲಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರ ತಲೆಗೆ ಪೆಟ್ಟು ಬಿದ್ದಿದ್ದರೆ, ‘ಏನೂ ಆಗಿಲ್ಲ, ಕಾಫಿ ಕೊಡು’ ಎಂದು ಅವರು ಹೇಳುತ್ತಿದ್ದರೂ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಬೇಕು.